ಎರಡು ಕೈಯ ರಾಡಿನಲ್ಲಿ ಮೇಲುಗೈ

ಸ್ಟೀಲ್‌ಹೆಡ್ ಎನ್ನುವ ಮೀನು ಆಸ್ಟ್ರೇಲಿಯಾದ ಯಾವ ಹೊಳೆಯಲ್ಲೂ ಇಲ್ಲ. ಅಡಿಲೇಡಿನ ಆಚೆಗಿನ ಗುಡ್ಡದ ತೊರೆಗಳಲ್ಲಿ ರೇನ್‌ಬೋ ಟ್ರೌಟ್ ಸಿಗುತ್ತದಲ್ಲ, ಜಾತಿಯೇನೋ ಅದರದೇ. ಆದರೆ ಸ್ಟೀಲ್‌ಹೆಡ್ ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಇಳಿದು, ಅಲ್ಲಿ ತಿಂದು ಕೊಬ್ಬಿ, ಮತ್ತೆ ಹುಟ್ಟಿದ ಹೊಳೆಗೇ ಏರಿ ಬರುತ್ತದೆ. ಕೆನಡಾದ ಪಶ್ಚಿಮದ ಹೊಳೆಗಳಲ್ಲಿ ಜನ ಅದಕ್ಕಾಗಿ ಸೊಂಟದವರೆಗೆ ತಣ್ಣೀರಿನಲ್ಲಿ ನಿಂತು ದಿನಗಟ್ಟಲೆ ಕಾಯುತ್ತಾರೆ. ಸಿಕ್ಕರೆ ಗಾಳ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಾರೆ. ಹೀಗಿರುವಾಗ ಪರ್ತ್‌ನಲ್ಲಿ ಕೂತು ಸ್ಟೀಲ್‌ಹೆಡ್‌ಗೆ ರಾಡ್ ಆರಿಸುವುದರಲ್ಲಿ ಏನರ್ಥ ಎಂದು ಯಾರಾದರೂ ಕೇಳಿದರೆ, ನಾನೂ ಅದನ್ನೇ ಕೇಳಿದ್ದೆ ಎಂದಷ್ಟೇ ಹೇಳಬಲ್ಲೆ. ನಾನು ಮೀನು ಹಿಡಿದವಳಲ್ಲ. ತಿಂದವಳೂ ಅಲ್ಲ.

ಕೆಲಸ ಹಚ್ಚಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ಮೈಸೂರಿನಲ್ಲಿ ಓದಿ, ಅಡಿಲೇಡಿನ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷದಿಂದ ಪೆಥಾಲಜಿಸ್ಟ್ ಆಗಿರುವವಳು. ಇಡೀ ವಾರ ಕತ್ತಲೆ ಕೋಣೆಯಲ್ಲಿ ಬೇರೆಯವರ ದೇಹದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾಳೆ, ಶನಿವಾರ ಹೊಳೆಗೆ ಹೋಗುತ್ತಾಳೆ. ಈ ಚಟ ಹತ್ತಿಸಿದ್ದು ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಗೆಳತಿ. ಅವರು ಆಮೇಲೆ ಕೆನಡಾಕ್ಕೆ ಹೋದರು, ಚಟ ಇಲ್ಲೇ ಉಳಿಯಿತು. ಹಕ್ಕಿಯ ಗರಿ, ದಾರ ಸುತ್ತಿ ಹುಳುವಿನಂತೆ ಮಾಡಿದ ಗಾಳಕ್ಕೆ ಫ್ಲೈ ಅನ್ನುತ್ತಾರೆ. ಅದನ್ನು ಒಂದು ಕೈಯ ಹಗುರ ರಾಡಿನಿಂದ ನೀರಿನ ಮೇಲೆ ಹಾರಿಸುವುದು ಅವಳ ಆಟ. ತೋಳು ಭುಜದ ಮೇಲಕ್ಕೆ ಎದ್ದು ಹಿಂದೆ ಮುಂದೆ ಆಡುತ್ತಲೇ ಇರಬೇಕು. ಕಳೆದ ವರ್ಷ ಅವಳ ಬಲಭುಜದ ಸ್ನಾಯು ಹರಿದು ಆಪರೇಷನ್ ಆಯಿತು. ತೋಳನ್ನು ಮತ್ತೆ ಮತ್ತೆ ಮೇಲೆತ್ತುವ ಕೆಲಸ ಇನ್ನು ಬೇಡ ಎಂದರು ಸರ್ಜನ್. ರಾಡುಗಳು ಗ್ಯಾರೇಜಿಗೆ ಹೋದವು.

ಅಷ್ಟರಲ್ಲಿ ಕೆನಡಾದ ಗೆಳತಿಯಿಂದ ಮೆಸೇಜು ಬಂತು. ಸೆಪ್ಟೆಂಬರಿನಲ್ಲಿ ಅವರ ಗುಂಪು ಒಂದು ವಾರ ಸ್ಟೀಲ್‌ಹೆಡ್ ಹೊಳೆಗೆ ಹೋಗುತ್ತದೆ, ಒಂದು ಜಾಗ ಖಾಲಿಯಾಗಿದೆ, ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳು.

ನಾನಾಗ ಪರ್ತ್‌ನ ವೆಲ್ಷ್‌ಪೂಲ್‌ನಲ್ಲಿ, ನಮ್ಮ ಗೋದಾಮಿನ ಕಾರ್ ಪಾರ್ಕಿನಲ್ಲಿ, ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದೆ. ಯಾವ ಸಾಮಾನು ಯಾವ ಕಪಾಟಿನಲ್ಲಿ ಕೂತರೆ ಲಾರಿಗೆ ಬೇಗ ಹೋಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಉದ್ಯೋಗ.

"ಏನೇ, ಊಟ ಆಯ್ತಾ?" ಅಂದಳು ದೊಡ್ಡಮ್ಮ ಫೋನಿನಲ್ಲಿ.

"ಆಗ್ತಿದೆ. ಹೇಳು."

"ಒಂದು ವಿಷಯದ ಮೇಲೆ ನೀನು ವಾದ ಮಾಡ್ಬೇಕು. ನನ್ನ ಪರ ಅಲ್ಲ, ವಿರುದ್ಧ."

"ಯಾವಾಗ್ಲೂ ಮಾಡೋದು ಅದೇ ಅಲ್ವಾ?"

"ಇದು ಬೇರೆ. ಎರಡು ಕೈಯಲ್ಲಿ ಹಿಡಿಯೋ ಉದ್ದನೇ ಫ್ಲೈ ರಾಡ್ ಇರುತ್ತೆ, ಸ್ಟೀಲ್‌ಹೆಡ್‌ಗೆ ಅದೇ. ಅದು ಭುಜಕ್ಕೆ ಸುಲಭ ಅಂತ ಅಂಗಡಿಯವರೂ ಹೇಳ್ತಾರೆ, ವಿಡಿಯೋದವರೂ ಹೇಳ್ತಾರೆ. ಒಬ್ಬರೂ ಇಲ್ಲ ಅನ್ನಲ್ಲ. ನಂಬಬೇಕು ಅಂತ ನಂಗೆ ತುಂಬ ಆಸೆ ಇದೆ ಕಣೇ. ಆಸೆ ಇರೋರು ತೀರ್ಪು ಕೊಡಬಾರದು. ನೀನು ಕೊಡು."

"ಸುಲಭ ಅಲ್ಲ ಅಂತ ಬಂದ್ರೆ?"

"ಹೋಗಲ್ಲ. ರಾಡುಗಳನ್ನೆಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಿ. ಅರ್ಧಂಬರ್ಧ ಇಟ್ಕೊಂಡು ಕೂರಲ್ಲ."

ಅವಳು ಸುಮ್ಮನೆ ಹೇಳುವವಳಲ್ಲ. ಪಿಟೀಲು ಬಿಟ್ಟಾಗಲೂ ಹಾಗೆಯೇ ಮಾಡಿದ್ದಳು. ಒಂದು ದಿನ ಕೈ ಮೊದಲಿನಂತೆ ಓಡುತ್ತಿಲ್ಲ ಎನಿಸಿತು, ಆ ವಾರವೇ ಪಿಟೀಲು ಇನ್ನೊಬ್ಬರ ಮನೆ ಸೇರಿತು.

ಕಾಲೇಜಿನಲ್ಲಿದ್ದಷ್ಟು ಕಾಲ ನಾನು ಚರ್ಚಾಸ್ಪರ್ಧೆಗಳಿಗೆ ಹೋದವಳು. ಪರವೋ ವಿರೋಧವೋ ಎನ್ನುವುದು ಚೀಟಿ ಎತ್ತಿದಾಗ ಗೊತ್ತಾಗುತ್ತಿತ್ತು. ಅದರಿಂದ ಕಲಿತದ್ದು ಒಂದೇ: ಎಲ್ಲರೂ ಒಪ್ಪುವ ಮಾತನ್ನು ಸಾಮಾನ್ಯವಾಗಿ ಯಾರೂ ಪರೀಕ್ಷಿಸಿರುವುದಿಲ್ಲ. ಆದ್ದರಿಂದ ಮೊದಲು ಕೇಳಬೇಕಾದದ್ದು, ಸುಲಭ ಅಂದರೆ ಹೇಗೆ ಸುಲಭ, ಯಾವ ಕೈಗೆ ಸುಲಭ?

ಓದಿದಷ್ಟರಿಂದ ತಿಳಿದದ್ದು ಇದು. ಉದ್ದನೆಯ ರಾಡು, ಒಂದು ಕೈ ಹಿಡಿಕೆಯ ಮೇಲ್ಭಾಗದಲ್ಲಿ, ಎದೆಯ ಮಟ್ಟಕ್ಕೆ. ಇನ್ನೊಂದು ಕೆಳಗೆ, ರಾಡಿನ ಬುಡದಲ್ಲಿ, ಹೊಟ್ಟೆಯ ಹತ್ತಿರ. ದಾರವನ್ನು ತಲೆಯ ಹಿಂದಕ್ಕೆ ಬೀಸಬೇಕಾಗಿಲ್ಲ. ನೀರಿನ ಮೇಲೆಯೇ ಪಕ್ಕಕ್ಕೆ ಒಂದು ಸುತ್ತು ತಿರುವಿ ಮುಂದಕ್ಕೆ ಎಸೆಯುವುದು. ಕೆಳಗಿನ ಕೈ ಬುಡವನ್ನು ಹೊಟ್ಟೆಯ ಕಡೆಗೆ ಎಳೆಯುತ್ತದೆ, ಮೇಲಿನ ಕೈ ತಕ್ಕಡಿಯ ಮುಳ್ಳಿನ ಹಾಗೆ ಸುಮ್ಮನೆ ಹಿಡಿದಿರುತ್ತದೆ. ಎಸೆಯುವ ಬಲ ಬರುವುದು ಆ ಎಳೆತದಿಂದ.

"ಅಂದ್ರೆ ಇಲ್ಲಿ ಮೇಲುಗೈಗೆ ಕೆಲಸ ಇಲ್ಲ," ಅಂದಳು ದೊಡ್ಡಮ್ಮ, ಇದನ್ನು ಹೇಳಿದಾಗ.

"ಮೇಲುಗೈ ಅಂದ್ರೆ ಗೆಲ್ಲೋ ಕೈ."

"ಇಲ್ಲಿ ಅಲ್ಲ. ಇಲ್ಲಿ ಮೇಲುಗೈ ಸುಮ್ಮನಿದ್ರೇನೇ ಗೆಲುವು. ನಿಂಗೆ ಈ ಆಟ ಒಗ್ಗಲ್ಲ ಬಿಡು."

"ನಿಂದು ಯಾವ ಕೈ? ಬಲಗೈ ತಾನೇ?"

"ಮತ್ತಿನ್ಯಾವುದು? ಬಲಗೈ."

ಹಾಗಾದರೆ ಬಲಗೈ ಮೇಲೆ, ಎಡಗೈ ಕೆಳಗೆ. ಹೊಲಿಗೆ ಬಿದ್ದ ಭುಜದ ಕೈ ಏನೂ ಮಾಡದೆ ರಾಡನ್ನು ಎತ್ತಿ ಹಿಡಿದಿರಬೇಕು. ಮಾತಿನಲ್ಲಿ ಎಲ್ಲ ಸರಿಯಿತ್ತು. ಮಾತಿನಲ್ಲಿ ಎಲ್ಲ ಸರಿಯಿದ್ದಾಗ ನನಗೆ ಅನುಮಾನ ಜಾಸ್ತಿ.

ಪರ್ತ್‌ನ ಒಂದು ಮೀನು ಸಾಮಾನಿನ ಅಂಗಡಿಯವರು ಶನಿವಾರ ಸ್ವಾನ್ ವ್ಯಾಲಿಯಲ್ಲಿ, ದ್ರಾಕ್ಷಿ ತೋಟಗಳ ಕೆಳಗೆ ನದಿ ದಂಡೆಯಲ್ಲಿ, ಎಸೆಯುವುದನ್ನು ಕಲಿಸುತ್ತಾರೆಂದು ಗೊತ್ತಾಗಿ ಹೋದೆ. ಕಲಿಸುವಾತ ದೊಡ್ಡ ಆಳು. "ಇದೆಲ್ಲ ಬಾಟಮ್ ಹ್ಯಾಂಡ್" ಎಂದು ಹೇಳುತ್ತಲೇ ಎಸೆದು ತೋರಿಸಿದ. ನಾನು ಅವನ ದಾರ ನೋಡಲಿಲ್ಲ, ಮೇಲಿನ ಕೈ ನೋಡಿದೆ. ಪ್ರತಿ ಎಸೆತಕ್ಕೂ ಅದು ಮುಂದಕ್ಕೆ ನೂಕುತ್ತಿತ್ತು. ಹೇಳಿದೆ. ಅವನು ನಕ್ಕು, ಹಳೇ ಅಭ್ಯಾಸ, ಬಲಗೈಯವರೆಲ್ಲ ಹೀಗೇ, ಬುದ್ಧಿಗೆ ಗೊತ್ತಿದ್ದರೂ ಬಲಗೈ ಸುಮ್ಮನಿರುವುದಿಲ್ಲ ಎಂದ. ಪ್ರಾಮಾಣಿಕ ಮನುಷ್ಯ. ನನ್ನ ವಿರೋಧದ ವಾದಕ್ಕೆ ಮೊದಲ ಆಧಾರ ಅಲ್ಲಿ ಸಿಕ್ಕಿತು.

ಅಲ್ಲೇ ನಾಲ್ಕಾರು ರಾಡುಗಳನ್ನು ಹಿಡಿದು ನೋಡಿದೆ. ಉದ್ದವಾದಷ್ಟೂ ದೂರ ಹೋಗುತ್ತದೆ ಎನ್ನುವುದು ನಿಜ. ಆದರೆ ಉದ್ದವಾದಷ್ಟೂ ತುದಿ ಬಾಗಿ ಭಾರವಾಗುತ್ತದೆ, ಆ ಭಾರವನ್ನು ಹೊರುವುದು ಮೇಲಿನ ಕೈ. ಬುಡದಲ್ಲಿ ದಾರ ಸುತ್ತಿಡುವ ರೀಲು ತೂಕದ್ದಾಗಿದ್ದರೆ ಬುಡ ಕೆಳಕ್ಕೆ ಜಗ್ಗಿ ತುದಿ ಹಗುರಾಗುತ್ತದೆ. ಹಗುರ ರೀಲೇ ಒಳ್ಳೆಯದು ಎನ್ನುವ ಮಾತು ಇಲ್ಲಿ ತಲೆಕೆಳಗು. ದಾರದಲ್ಲಿ ಎರಡು ಬಗೆ. ಒಂದು ಉದ್ದ ಮತ್ತು ಸಪೂರ. ಅದಕ್ಕೆ ಕೈ ಪಳಗಿರಬೇಕು. ಇನ್ನೊಂದರ ಮುಂಭಾಗ ಗಿಡ್ಡ, ದಪ್ಪ. ಹೊಸಬರು ತಪ್ಪಾಗಿ ಎಸೆದರೂ ತನ್ನ ತೂಕದಿಂದಲೇ ಹೇಗೋ ಹೋಗಿ ಬೀಳುತ್ತದೆ. ಭುಜ ಕೆಟ್ಟ ಹೊಸಬಳಿಗೆ ಗಿಡ್ಡ ದಾರ, ಹನ್ನೆರಡೂವರೆ ಅಡಿ ಮೀರದ ರಾಡು, ತೂಕದ ರೀಲು. ರಾಡಿಗೆ ಹಾಕುವ ಅಂಕಿಗೆ ವೇಟ್ ಅನ್ನುತ್ತಾರೆ. ಅದು ರಾಡಿನ ತೂಕವಲ್ಲ, ಅದು ಎಂಥ ದಾರ ಹೊರುತ್ತದೆ ಎನ್ನುವ ಲೆಕ್ಕ. ಸ್ಟೀಲ್‌ಹೆಡ್‌ಗೆ ಏಳು ಸಾಕು.

ಇದು ದೊಡ್ಡಮ್ಮ ಹೋಗಲಿ ಎನ್ನುವ ಪಕ್ಷದ ಆಯ್ಕೆ. ಬೇಡ ಎನ್ನುವ ಪಕ್ಷವೂ ನನ್ನಲ್ಲಿತ್ತು, ಅದೇ ಬಲವಾಗಿತ್ತು. ಆದರೆ ರಾಡು ಕೈಗೆ ಬಾರದೆ ಎರಡನ್ನೂ ತೀರ್ಮಾನಿಸುವಂತಿರಲಿಲ್ಲ.

ಅದೇ ವಾರ ಕಂಪನಿಯ ಕೆಲಸಕ್ಕೆ ಬ್ರಿಸ್ಬೇನಿಗೆ ಹೋಗಬೇಕಾಯಿತು. ಅಲ್ಲಿಯವರು ಹಳೆಯ ಸಾಮಾನು ಮಾರುವ ಒಂದು ಆನ್‌ಲೈನ್ ಗುಂಪಿನಲ್ಲಿ ಸರಿಯಾಗಿ ಅದೇ ಅಳತೆಯ ರಾಡು, ಗಿಡ್ಡ ದಾರದ ಸಮೇತ, ಮಾರಾಟಕ್ಕಿದೆ ಎಂದಿತ್ತು. ಫೋನು ಮಾಡಿದರೆ ಆ ಕಡೆಯವರು ಪಕ್ಕದಲ್ಲಿ ಯಾರಿಗೋ "ಒಂದ್ನಿಮಿಷ ಇರು, ಗ್ಯಾಸ್ ಆಫ್ ಮಾಡು" ಅಂದರು. ಇಂಗ್ಲಿಷ್ ಅಲ್ಲಿಗೆ ನಿಂತಿತು.

"ಕನ್ನಡದೋಳಾ? ಮೊದ್ಲೇ ಹೇಳ್ಬಾರ್ದಾ. ಆರ್ವೋ ಬಾಮ್ಮ, ಮಧ್ಯಾಹ್ನದ ಮೇಲೆ, ಸನ್ನಿಬ್ಯಾಂಕ್‌ಗೆ. ಮನೆ ಹುಡುಕ್ಬೇಡ, ಅಂಗಡಿ ಸಾಲಿನ ಕಾರ್ ಪಾರ್ಕ್‌ಗೇ ತರ್ತೀನಿ."

ಅಂಕಲ್ ಬೆಂಗಳೂರಿನ ಇಂಜಿನಿಯರು. ಹಣೆಯ ಮೇಲೆ ಗಂಧ, ತಲೆಯ ಮೇಲೆ ಮೀನಿನ ಚಿತ್ರದ ಟೋಪಿ. ಸಮುದ್ರದ ಅಲೆಗಳ ಆಚೆಗೆ ಎಸೆಯಲೆಂದು ಕೊಂಡಿದ್ದರಂತೆ, ಅಲೆಗೆ ಇದು ಸರಿಹೋಗಲಿಲ್ಲವಂತೆ. ಎರಡು ರಾಡುಗಳನ್ನು ಕಾರಿನ ಮೇಲೆ ಒರಗಿಸಿದರು.

"ಈ ಚಿಕ್ಕದು ಯಾಕಮ್ಮ? ಇದು ನೋಡು, ಹದಿನಾಲ್ಕು ಅಡಿ, ಒಂಬತ್ತು ವೇಟು. ಒಂದೇ ಸಲ ತಗೋ, ಜೀವಮಾನಕ್ಕಾಯ್ತು."

"ಅಂಕಲ್, ನಿಮ್ಮ ಜೀವಮಾನ ಇನ್ನೂ ಇದೆ. ಯಾಕೆ ಮಾರ್ತಿದೀರಿ?"

"ಲಾಯರಾ ನೀನು?"

"ಅಲ್ಲ, ಗೋದಾಮಿನ ಲೆಕ್ಕ."

"ಅದು ಇನ್ನೂ ಕಷ್ಟ."

ತುದಿಯ ಭಾರದ ವಿಷಯ, ದೊಡ್ಡಮ್ಮನ ಭುಜದ ವಿಷಯ ಹೇಳಿದೆ. ಅವರು ದೊಡ್ಡ ರಾಡನ್ನು ತೆಗೆದು ಕಾರಿನೊಳಗೆ ಇಟ್ಟರು. ಆಮೇಲೆ ನನಗೆ ಬಾಯಿ ತಡೆಯಲಿಲ್ಲ.

"ನೀವು ಮೀನು ತಿಂತೀರಾ?"

"ರಾಮ ರಾಮ. ಈರುಳ್ಳೀನೇ ತಿನ್ನಲ್ಲ."

"ಮತ್ತೆ ಹಿಡಿಯೋದು?"

"ಹಿಡಿದು ಬಿಡ್ತೀನಿ. ಮೀನಿಗೂ ಬೇಜಾರಿಲ್ಲ, ನಂಗೂ ಪಾಪ ಇಲ್ಲ."

"ಮೀನಿಗೆ ಬೇಜಾರಿಲ್ಲ ಅಂತ ಯಾರು ಹೇಳಿದ್ರು?"

"ಇಲ್ಲೀವರ್ಗೂ ಒಂದೂ ವಾಪಸ್ ಬಂದು ಕಂಪ್ಲೇಂಟ್ ಕೊಟ್ಟಿಲ್ಲ ಕಣಮ್ಮ."

ದಾರದ ತೂಕ ಗ್ರೇನ್ ಲೆಕ್ಕದಲ್ಲಿರುತ್ತದೆ. ಒಂದು ಗ್ರೇನ್ ಅಂದರೆ ಕಾಳಿನಷ್ಟು, ನಮ್ಮ ಅಕ್ಕಸಾಲಿಗರ ಗುಲಗಂಜಿಗಿಂತ ಸಣ್ಣದು. ಅವರ ದಾರದ ಮೇಲಿನ ಚೀಟಿ ಬಿದ್ದುಹೋಗಿತ್ತು. ಐನೂರು ಇರಬೇಕು ಅಂದರು. ಇರಬೇಕು ಅನ್ನುವುದು ಸಾಕ್ಷಿಯಲ್ಲ ಎಂದೆ. ಅಂಕಲ್ ಒಂದು ಸಲ ನನ್ನನ್ನು ನೋಡಿ, ದಾರದ ಸುರುಳಿ ಹಿಡಿದು, ಸಾಲಿನಲ್ಲೇ ಇದ್ದ ಚೀನೀ ಗಿಡಮೂಲಿಕೆ ಅಂಗಡಿಗೆ ನಡೆದರು. ಗಲ್ಲಾದಲ್ಲಿದ್ದ ಹೆಂಗಸು ತಟ್ಟೆಯಲ್ಲಿದ್ದ ಒಣಬೇರುಗಳನ್ನು ತೆಗೆದು, ಏನೂ ಕೇಳದೆ ಸುರುಳಿಯನ್ನು ತೂಗಿದರು. ಮೂವತ್ತೆರಡು ಗ್ರಾಂ. ಲೆಕ್ಕ ಹಾಕಿದರೆ ಐನೂರಕ್ಕೆ ಸ್ವಲ್ಪ ಕಡಿಮೆ. ಏಳು ವೇಟಿನ ರಾಡಿಗೆ ಒಪ್ಪುವ ತೂಕ.

"ಸಮಾಧಾನ ಆಯ್ತಾ, ತಾಯಿ?"

"ಆಯ್ತು ಅಂಕಲ್."

"ಮದುವೆ ಆಗಿದ್ಯಾ?"

"ಇಲ್ಲ."

"ಗೊತ್ತಾಯ್ತು."

ರಾಡು ನಾಲ್ಕು ತುಂಡಾಗಿ ಒಂದು ಕೊಳವೆಯೊಳಗೆ ಹೋಯಿತು. ನನ್ನ ಬಲಗೈಯಲ್ಲಿ ಫೋನಿತ್ತು, ಎಡಗೈ ಚಾಚಿದೆ. ಅಂಕಲ್ ಕೊಳವೆಯನ್ನು ಹಿಂದಕ್ಕೆಳೆದುಕೊಂಡರು. "ಬಲಗೈಲಿ ತಗೋಮ್ಮ. ಸೆಕೆಂಡ್ ಹ್ಯಾಂಡ್ ಆದ್ರೂ ಲಕ್ಷ್ಮಿ." ಫೋನನ್ನು ಜೇಬಿಗೆ ಹಾಕಿ ಬಲಗೈಯಲ್ಲಿ ತೆಗೆದುಕೊಂಡೆ. ಇಂಥದಕ್ಕೆಲ್ಲ ನಾನು ವಾದ ಮಾಡುವುದಿಲ್ಲ.

ಬ್ರಿಸ್ಬೇನಿನಿಂದ ನೇರ ಅಡಿಲೇಡಿಗೆ ಹೋದೆ. ತಿಂಗಳು ಮುಗಿಯುತ್ತ ಬಂದಿತ್ತು. ದೊಡ್ಡಮ್ಮ ಕೊಳವೆಯನ್ನು ಬಿಚ್ಚದೆ ಊಟದ ಮೇಜಿನ ಪಕ್ಕ ನಿಲ್ಲಿಸಿಕೊಂಡಳು. ದೊಡ್ಡಪ್ಪ, ರಿಟೈರಾದ ಮೂಳೆ ಡಾಕ್ಟರು, ಅದನ್ನು ನೋಡಿ, "ಊಟಕ್ಕೆ ಇನ್ನೊಬ್ಬರು ಬಂದಿದಾರೆ, ಎಲೆ ಹಾಕು," ಅಂದರು. ಎಲ್ಲರೂ ಬಲಗೈಯಲ್ಲಿ ಉಣ್ಣುತ್ತ, ಎಡಗೈಯಲ್ಲಿ ಸೌಟು ಹಿಡಿದು ಹುಳಿ ಬಡಿಸಿಕೊಂಡೆವು. ಬಲಗೈ ಎಂಜಲಾಗಿರುವಾಗ ಬಡಿಸಿಕೊಳ್ಳಲು ಎಡಗೈಯೇ ಗತಿ. ಅವಳು ನನ್ನ ತಟ್ಟೆಗೆ ಮೇಜಿನ ಆ ಕೊನೆಯಿಂದ, ಸೌಟನ್ನು ತುದಿಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದೆ ಬಡಿಸಿದಳು. ನಾನು ಬಡಿಸಿಕೊಂಡದ್ದು ಮೇಜುಬಟ್ಟೆಯ ಮೇಲೂ ಇತ್ತು. ಅದರಲ್ಲಿ ಗಮನಿಸುವಂಥದೇನೋ ಇದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಮಾರನೆಯ ಬೆಳಿಗ್ಗೆ ಮೂವರೂ ಟಾರೆನ್ಸ್ ಹೊಳೆಯ ದಂಡೆಗೆ ಹೋದೆವು. ನೀರು ಅಲ್ಲಿ ಹರಿಯುವುದಕ್ಕಿಂತ ನಿಂತಿರುವುದೇ ಹೆಚ್ಚು. ಕಲಿಯಲು ಅದೇ ಒಳ್ಳೆಯದು. ಗಾಳ ಕಟ್ಟಲಿಲ್ಲ, ದಾರದ ತುದಿಗೆ ಕೆಂಪು ಉಣ್ಣೆಯ ಚೂರು ಕಟ್ಟಿದೆವು. ಸಮುದ್ರದ ಮೀನಿಗೆಂದು ಎಂದೋ ಕೊಂಡ ಹಳೆಯ ಭಾರದ ರೀಲು ಅವಳ ಹತ್ತಿರವೇ ಇತ್ತು. ಅದನ್ನು ಬುಡಕ್ಕೆ ಹಾಕಿದಾಗ ರಾಡು ಮೇಲಿನ ಕೈಯ ಒಂದು ಬೆರಳಿನ ಮೇಲೆ ನಿಂತಿತು. ನನ್ನ ಲೆಕ್ಕ ಅಷ್ಟರಮಟ್ಟಿಗೆ ಸರಿಯಿತ್ತು. ದೊಡ್ಡಪ್ಪ ಮಡಿಸುವ ಕುರ್ಚಿ ಹಾಕಿಕೊಂಡು ಹಿಂದೆ ಕೂತರು.

ಬಲಗೈ ಮೇಲೆ. ಮೊದಲ ಎಸೆತ ಕಾಲಿನ ಹತ್ತಿರವೇ ಗುಡ್ಡೆಯಾಗಿ ಬಿತ್ತು. ಎರಡನೆಯದು ಸ್ವಲ್ಪ ಹೋಯಿತು. ಆಮೇಲಿನದರಲ್ಲಿ ಬಲಗೈ ನೂಕಿದ್ದನ್ನು ನಾನು ನೋಡಿದೆ, ನೋವು ಮುಖಕ್ಕೆ ಬಂದದ್ದನ್ನೂ ನೋಡಿದೆ. ಸ್ವಾನ್ ವ್ಯಾಲಿಯ ಆ ದೊಡ್ಡ ಆಳಿನ ಕೈಯಂತೆಯೇ ಇದೂ ಸುಮ್ಮನಿರಲಿಲ್ಲ. ಇನ್ನೂ ಕೆಲವು ಸಲ ಪ್ರಯತ್ನಿಸಿದಳು. ಮೇಲಿನ ಕೈಯನ್ನು ಸಡಿಲ ಬಿಟ್ಟರೆ ರಾಡು ವಾಲುತ್ತಿತ್ತು. ಬಿಗಿ ಹಿಡಿದರೆ ಭುಜ ಬೇಡ ಅನ್ನುತ್ತಿತ್ತು. ಕೊನೆಗೆ ರಾಡನ್ನು ಹುಲ್ಲಿನ ಮೇಲೆ ಮಲಗಿಸಿದಳು.

"ಆಯ್ತು," ಅಂದಳು. "ನೀನು ಗೆದ್ದೆ."

"ನಾನೇನೂ ಹೇಳ್ಲಿಲ್ಲ."

"ಮುಖ ಹೇಳ್ತಿದೆ. ಬಿಡು, ಇವತ್ತೇ ಅವಳಿಗೆ ಬರಲ್ಲ ಅಂತ ಬರೀತೀನಿ."

ದೊಡ್ಡಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಮಲಗಿದ್ದ ರಾಡನ್ನು ನೋಡಿ ತನ್ನಷ್ಟಕ್ಕೆ ನಕ್ಕಳು.

"ಅಮ್ಮ ಇದ್ದಿದ್ರೆ ಬಯ್ಯೋಳು. ಎಡಗೈಗೆ ಇಷ್ಟು ಯಜಮಾನಿಕೆ ಕೊಡೋ ಕೋಲು ಮನೇಗೇ ತರಬೇಡ ಅನ್ನೋಳು. ನಂಗೆ ಆ ಕೈ ಬಿಡಿಸೋಕೆ ಎಷ್ಟು ಒದ್ದಾಡಿದ್ಲು ಪಾಪ."

ಅಮ್ಮ ಅಂದರೆ ನನ್ನ ಅಜ್ಜಿ.

"ಬಿಡಿಸೋಕೆ ಅಂದ್ರೆ?" ಅಂದೆ.

"ಚಿಕ್ಕೋಳಿದ್ದಾಗ ನಾನು ಎಡಚಿ ಅಲ್ವಾ. ತಟ್ಟೆ ಮುಂದೆ ಕೂತಾಗ ಎಡಗೈಗೆ ಕರ್ಚೀಫು ಕಟ್ಟಿ ಮಂಡಿ ಕೆಳಗೆ ಇಡಿಸೋಳು. ಸ್ಕೂಲಿಗೆ ಸೇರೋ ಹೊತ್ತಿಗೆ ಸರಿಹೋಯ್ತು."

"ಏನು ಸರಿಹೋಯ್ತು?"

"ಬಲಗೈ ಆಯ್ತು."

"ಯಾವ ಕೈ ಅಂತ ಫೋನಲ್ಲಿ ಕೇಳ್ದಾಗ ಬಲಗೈ ಅಂದ್ಯಲ್ಲ."

"ಬಲಗೈಯೇ. ತಿನ್ನೋದು, ಬರೆಯೋದು, ಕೊಡೋದು, ತಗೊಳ್ಳೋದು ಎಲ್ಲ."

"ಯಾವ ಕೈ ಬಳಸ್ತೀಯ ಅಂತ ನಾನು ಕೇಳ್ಲಿಲ್ಲ. ಯಾವುದು ನಿಂದು ಅಂತ ಕೇಳ್ದೆ."

"ನಮ್ಮನೇಲಿ ಅವೆರಡೂ ಒಂದೇ ಪ್ರಶ್ನೆ ಕಣೇ."

ಮದುವೆಯಾಗಿ ಅಷ್ಟು ವರ್ಷವಾದ ದೊಡ್ಡಪ್ಪನಿಗೂ ಇದು ಹೊಸ ಸುದ್ದಿ. "ನಂಗೂ ಹೇಳಿಲ್ಲ," ಅಂದರು. "ಹೇಳೋಕೆ ಏನಿದೆ ಅದರಲ್ಲಿ?" ಅಂದಳು ಅವಳು. ಹುಡುಕಿದರೆ ಸಾಕ್ಷಿ ಅಲ್ಲಲ್ಲಿ ಬಿದ್ದಿತ್ತು. ಅವಳ ಮೈಕ್ರೋಸ್ಕೋಪಿನಲ್ಲಿ ಗಾಜು ಸರಿಸುವ ಗುಂಡಿಯನ್ನು ಎಡಕ್ಕೆ ಹಾಕಿಸಿಕೊಂಡಿದ್ದಳು. ಬರೆಯಲು ಬಲಗೈ ಬಿಡುವಾಗಿರಲಿ ಅಂತ, ಅಂದಳು. ಎಡಗೈಯ ಸೌಟಿನಿಂದ ಹನಿ ಚೆಲ್ಲದೆ ಬಡಿಸುತ್ತಾಳೆ, ಆದರೆ ಊಟಕ್ಕೆ ಕೂತಾಗ ನಮ್ಮಲ್ಲಿ ಬಡಿಸುವುದು ಎಲ್ಲರೂ ಎಡಗೈಯಲ್ಲೇ. ಅವಳ ಎಡಗೈ ಹೊರಗೆ ಕಾಣುವ ಒಂದೇ ಒಂದು ಜಾಗದಲ್ಲಿ ನಮ್ಮೆಲ್ಲರ ಎಡಗೈಗಳೂ ಸೇರಿಕೊಂಡು ಅದನ್ನು ಮುಚ್ಚಿಟ್ಟಿದ್ದವು. ಪ್ರತಿಯೊಂದಕ್ಕೂ ಬೇರೆ ವಿವರಣೆ ಕೊಡಬಹುದು. ಇವುಗಳ ಮೇಲೆ ತೀರ್ಪು ಕೊಡಲಾಗುವುದಿಲ್ಲ. ಎಸೆದೇ ನೋಡಬೇಕು.

"ಕೈ ಬದಲಾಯಿಸು," ಅಂದೆ. "ಎಡಗೈ ಮೇಲೆ, ಬಲಗೈ ಕೆಳಗೆ."

"ಆಗ ಬಲಗೈಗೇ ಕೆಲಸ ಜಾಸ್ತಿ ಅಲ್ವಾ? ಎಳೆಯೋದು ಅದೇ ತಾನೇ?"

ಪ್ರಶ್ನೆ ಸರಿಯಾಗಿತ್ತು. ಉತ್ತರ ಕೊಟ್ಟದ್ದು ಮೂಳೆ ಡಾಕ್ಟರು. "ಮೊಣಕೈ ಪಕ್ಕೆಗೆ ಅಂಟಿಕೊಂಡಿರೋವಾಗ ಎಳೆಯೋದಕ್ಕೂ ತೋಳು ಎತ್ತಿ ಹಿಡಿಯೋದಕ್ಕೂ ಅಜಗಜಾಂತರ. ನಿಂದು ಹರಿದಿದ್ದು ಎತ್ತೋ ಸ್ನಾಯು. ಎಳಿ, ಏನೂ ಆಗಲ್ಲ." ಆಮೇಲೆ ಸೇರಿಸಿದರು: "ಆದ್ರೆ ನನ್ನ ಮೇಲೆ ಕೇಸು ಹಾಕಬೇಡ."

ಅವಳು ಕಾಫಿ ಲೋಟ ಕೆಳಗಿಟ್ಟು ಎದ್ದಳು. ಎಡಗೈಯನ್ನು ಮೇಲಿನ ಹಿಡಿಕೆಗೆ, ಬಲಗೈಯನ್ನು ಬುಡಕ್ಕೆ ಹಾಕಿದಳು. ಎಲ್ಲ ತಕ್ಷಣ ಬಂದುಬಿಟ್ಟಿತು ಎಂದರೆ ಸುಳ್ಳಾಗುತ್ತದೆ. ಮೊದಲಿನ ಎಸೆತಗಳು ಬಲಗೈಯವುಗಳಿಗಿಂತಲೂ ಕೆಟ್ಟದಾಗಿದ್ದವು, ಒಂದು ಸಲ ದಾರ ದೊಡ್ಡಪ್ಪನ ಕುರ್ಚಿಗೆ ಸುತ್ತಿಕೊಂಡಿತು. ಆದರೆ ಒಂದು ವ್ಯತ್ಯಾಸವಿತ್ತು. ಎಡಗೈ ನೂಕಲಿಲ್ಲ. ಎಷ್ಟೋ ವರ್ಷ ಬೇರೆ ಕೈಯ ಕೆಲಸವನ್ನು ಪಕ್ಕದಲ್ಲಿ ನೋಡಿಕೊಂಡೇ ಇದ್ದ ಕೈ ಅದು; ರಾಡನ್ನು ಹಗುರಾಗಿ ಹಿಡಿದು, ಸುತ್ತು ತಿರುವುವಾಗ ದಾರಿ ತೋರಿಸಿ, ಆಮೇಲೆ ಸುಮ್ಮನಾಗುತ್ತಿತ್ತು. ಕೆಳಗೆ ಬಲಗೈ ಪಕ್ಕೆಗೆ ಅಂಟಿಕೊಂಡು ಹೊಟ್ಟೆಯ ಕಡೆಗೆ ಎಳೆಯಿತು. ಹತ್ತಾರು ಪ್ರಯತ್ನದ ಬಳಿಕ ಒಂದು ದಾರ ನೇರವಾಗಿ ಬಿಚ್ಚಿಕೊಂಡು ಹೋಗಿ, ಕೆಂಪು ಉಣ್ಣೆ ಆಚೆ ದಡದ ಜೊಂಡಿನ ಹತ್ತಿರ ಬಿತ್ತು.

"ನೋವು?" ಅಂದೆ.

"ಇಲ್ಲ."

"ಇನ್ನೊಂದು."

"ಒಂದಕ್ಕೆ ಒಪ್ಪಲ್ವಾ?"

"ಒಂದು ಆಕಸ್ಮಿಕ ಇರಬಹುದು."

ಇನ್ನೊಂದು ಎಸೆದಳು. ಇನ್ನೂ ಕೆಲವು. ಮಧ್ಯೆ ಮಧ್ಯೆ ಗುಡ್ಡೆ ಬಿದ್ದರೂ ನೇರ ಹೋಗುವವು ಹೆಚ್ಚುತ್ತ ಬಂದವು. ಭುಜ ನೋಯುತ್ತಿದೆಯಾ ಎಂದು ನಾನು ಪ್ರತಿ ಸಲವೂ ಕೇಳಿದೆ, ಅವಳು ಪ್ರತಿ ಸಲವೂ ಇಲ್ಲ ಅಂದಳು. ಕೊನೆಕೊನೆಗೆ ಉತ್ತರ ಕೊಡುವುದನ್ನು ಬಿಟ್ಟಳು.

ಬಿಸಿಲು ಏರಿದ ಮೇಲೆ ಗಾಳಿ ತಿರುಗಿತು. ಅಲ್ಲಿಯವರೆಗೆ ದಾರವನ್ನು ಅವಳಿಂದ ದೂರಕ್ಕೆ ಒಯ್ಯುತ್ತಿದ್ದ ಗಾಳಿ ಈಗ ಅದನ್ನು ಅವಳ ಮೈಮೇಲಕ್ಕೇ ತಂದಿತು. ಎಡಗೈ ಮೇಲಿದ್ದರೆ ದಾರ ತಿರುಗುವುದು ಎಡಮಗ್ಗುಲಲ್ಲಿ. ಎಡದಿಂದ ಗಾಳಿ ಬೀಸಿದರೆ ಅದು ನೇರ ಕಿವಿಗೆ. ಉಣ್ಣೆಯ ಚೂರು ಅವಳ ಟೋಪಿಗೆ ಬಡಿಯಿತು. ಉಣ್ಣೆಯ ಜಾಗದಲ್ಲಿ ಗಾಳವಿದ್ದಿದ್ದರೆ ಆಸ್ಪತ್ರೆಯೇ. ಬಲ್ಲವರು ಇಂಥ ಹೊತ್ತಿಗೆ ಕೈ ಬದಲಾಯಿಸಿ ಬಲಮಗ್ಗುಲಿಂದ ಎಸೆಯುತ್ತಾರೆ. ಅವಳು ಬದಲಾಯಿಸುವಂತಿಲ್ಲ. ಇದು ನಾನು ಎದುರು ಪಕ್ಷದಲ್ಲಿ ನಿಂತು ಹೇಳಬೇಕಾದ ಮಾತು. ಹೇಳಿದೆ.

"ದೊಡ್ಡಮ್ಮ, ಅಲ್ಲಿ ಹೊಳೆ ಮೇಲೆ ಗಾಳಿ ದಿನಾ ತಿರುಗುತ್ತೆ. ಅರ್ಧ ಹೊತ್ತು ನಿನ್ನ ಕೈಲಿ ಎಸೆಯೋಕೇ ಆಗಲ್ಲ."

"ಇನ್ನರ್ಧ?"

"ಆಗಬಹುದು. ಎರಡು ಕೈಯ ರಾಡು ಭುಜಕ್ಕೆ ಸುಲಭ ಅನ್ನೋದು ಸಾಬೀತಾಗಿಲ್ಲ. ನಿನ್ನ ಭುಜಕ್ಕೆ, ಈ ರಾಡಲ್ಲಿ, ಈ ರೀಲು ಹಾಕಿ, ಎಡಗೈ ಮೇಲಿಟ್ಟು, ಗಾಳಿ ಬಲಗಡೆಯಿಂದ ಇದ್ದಾಗ, ಇವತ್ತು ಬೆಳಿಗ್ಗೆ ನೋವಾಗ್ಲಿಲ್ಲ. ಅಷ್ಟು ಮಾತ್ರ."

"ಸಾಕು. ನಾನು ದಿನಾ ಬರೆಯೋ ರಿಪೋರ್ಟುಗಳೂ ಇದಕ್ಕಿಂತ ಜಾಸ್ತಿ ಹೇಳಲ್ಲ."

"ಅದು ಹೂಂ ಅಲ್ಲ."

"ಊಹೂಂನೂ ಅಲ್ಲ ತಾನೇ?"

ಅಲ್ಲವಾಗಿತ್ತು. ಅವಳು ಫೋನು ತೆಗೆದಳು. ಕನ್ನಡಕವಿಲ್ಲದೆ ದೂರ ಹಿಡಿದುಕೊಂಡು, ಗೆಳತಿಗೆ ಟೈಪು ಮಾಡುತ್ತ ಗಟ್ಟಿಯಾಗಿ ಓದಿದಳು: ಬರುತ್ತೇನೆ, ಎಡಗೈ ಮೇಲಿಟ್ಟೇ ಎಸೆಯುತ್ತೇನೆ, ಗಾಳಿ ಎದುರಾದಾಗ ದಡದಲ್ಲಿ ಕೂರುತ್ತೇನೆ, ನನ್ನಿಂದ ನಿಮ್ಮ ಗುಂಪಿಗೆ ತೊಂದರೆಯಾಗುವುದಾದರೆ ಈಗಲೇ ಹೇಳು. ಕಳಿಸಿದ ಮೇಲೆ ಫೋನನ್ನು ಜೇಬಿಗೆ ಹಾಕಲಿಲ್ಲ, ಕೈಯಲ್ಲೇ ಇಟ್ಟುಕೊಂಡಳು. ಕೆನಡಾದಲ್ಲಿ ಆಗ ಇನ್ನೂ ಹಿಂದಿನ ದಿನದ ಸಂಜೆ. ಉತ್ತರ ಕೂಡಲೇ ಬಂತು. ದೊಡ್ಡಮ್ಮ ಅದನ್ನು ಓದಿ, ನಮಗೆ ತೋರಿಸದೆ, ಒಂದು ಸಲ ಹೂಂ ಎನ್ನುವಂತೆ ತಲೆಯಾಡಿಸಿದಳು.

"ಮನೆಗೆ ಹೋಗೋಣ್ವಾ? ಹಸಿವಾಗ್ತಿದೆ," ಅಂದರು ದೊಡ್ಡಪ್ಪ.

"ಗಾಳಿ ತಿರುಗ್ಲಿ. ಇನ್ನೊಂದು ಸ್ವಲ್ಪ ಎಸೀತೀನಿ. ಎದ್ದೇಳಿ ನೀವು."

ದೊಡ್ಡಪ್ಪ ಎದ್ದರು. ಅವಳು ಅವರ ಕುರ್ಚಿಯಲ್ಲಿ ಕೂತು, ರಾಡನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ನೀರಿನ ಮೇಲಿನ ಸುಕ್ಕುಗಳು ಯಾವ ಕಡೆಗೆ ಓಡುತ್ತಿವೆ ಎಂದು ನೋಡತೊಡಗಿದಳು. ಎಷ್ಟು ಹೊತ್ತಾಗಬಹುದು ಎಂದು ದೊಡ್ಡಪ್ಪ ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. ನಾವಿಬ್ಬರೂ ಹುಲ್ಲಿನ ಮೇಲೆ ಕೂತೆವು.